ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಾರು ಓಡಿಸಲು ಬರುವುದಿಲ್ಲ. ನನಗೀಗ ಹದಿನೇಳು ವರ್ಷ, ಲೈಸೆನ್ಸಿಗೆ ಇನ್ನೂ ಒಂದು ವರ್ಷ ಕಾಯಬೇಕು. "ಕಾಮರ್ಸ್ ಓದುವ ಹುಡುಗಿಗೆ ಟೈರಿನ ಉಸಾಬರಿ ಯಾಕೆ?" ಎಂದು ನೀವು ಕೇಳಬಹುದು. ಕಳೆದ ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ಅಥಣಿಯಿಂದ ಮಿರಜಕ್ಕೆ ಹೋಗುವಾಗ ಏನಾಯಿತು ಎಂದು ಕೇಳಿದ ಮೇಲೆ ನೀವೇ ಉತ್ತರ ಹೇಳಿ.

ನಮ್ಮ ದಾದಿಗೆ ದಮ್ಮಿನ ತ್ರಾಸಿದೆ. ಆ ರಾತ್ರಿ ಇಶಾ ನಮಾಜ್ ಮುಗಿದ ಸ್ವಲ್ಪ ಹೊತ್ತಿಗೆ ಉಸಿರು ಬಹಳ ಕಟ್ಟತೊಡಗಿತು. ಅಥಣಿ, ಕಾಗವಾಡದ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಲಾಪುರ ಇದ್ದ ಹಾಗೆ. ಅಬ್ಬಾ ಊರಲ್ಲಿರಲಿಲ್ಲ. ಮಾಮುವಿನ ಹೊಸ ಕಾರು ಬಾಗಿಲಲ್ಲೇ ನಿಂತಿತ್ತು. 108ಕ್ಕೆ ಫೋನ್ ಮಾಡಿ ಕಾಯುವುದಕ್ಕಿಂತ ನಾವೇ ಹೋದರೆ ಬೇಗ ಮುಟ್ಟುತ್ತೇವೆ ಎಂದು ದಾದಿ, ಅಮ್ಮಿ, ಮಾಮು ಮತ್ತು ನಾನು ಹೊರಟೆವು.

ಊರು ದಾಟಿ ಸ್ವಲ್ಪ ದೂರ ಹೋದಾಗ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಚಿತ್ರ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಇಳಿಯುತ್ತಿದೆ ಎಂದು ಅದರ ಅರ್ಥ. "ಕಾಗವಾಡ ಮುಟ್ಟೋಣ, ಅಲ್ಲಿ ನೋಡೋಣ" ಎಂದರು ಮಾಮು. ಹಿಂದಿನ ಸೀಟಿನಲ್ಲಿ ದಾದಿ ಏದುಸಿರು ಬಿಡುತ್ತಿದ್ದರು. ನಿಲ್ಲಿಸುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ. ಒಂದೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಫಡ್ ಫಡ್ ಎಂದು ಶಬ್ದ ಶುರುವಾಗಿ ಕಾರು ಒಂದು ಕಡೆ ಎಳೆಯತೊಡಗಿತು. ಎರಡೂ ಬದಿಗೆ ಕಬ್ಬು, ಎಲ್ಲೂ ಒಂದು ದೀಪವಿಲ್ಲ.

ಡಿಕ್ಕಿ ತೆಗೆದು ಮ್ಯಾಟ್ ಎತ್ತಿದರೆ ಸ್ಟೆಪ್ನಿ ಇರಬೇಕಾದ ಕಡೆ ಒಂದು ಸಣ್ಣ ಗಾಳಿ ಪಂಪು ಮತ್ತು ಒಂದು ಬಾಟಲಿ ಇತ್ತು. ಜಾಕ್ ಇಲ್ಲ, ಪಾನಾ ಕೂಡ ಇಲ್ಲ. ನಾಲ್ಕು ತಿಂಗಳಿಂದ ಓಡಿಸುತ್ತಿದ್ದ ಕಾರಿನಲ್ಲಿ ಸ್ಟೆಪ್ನಿ ಇಲ್ಲವೆಂದು ನಮಗೆ ಗೊತ್ತಾದದ್ದು ಆಗಲೇ. ಕೊಡುವಾಗ ಅವರು ಹೇಳಿರಲಿಲ್ಲ, ಕೊಳ್ಳುವಾಗ ನಾವು ಕೇಳಿರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಸೂಚನೆ ಓದುತ್ತ ಬಾಟಲಿಯ ದ್ರವ ಟೈರಿಗೆ ಹಾಕಿ ಪಂಪು ಚಾಲೂ ಮಾಡಿದೆವು. ಹಾಕಿದ್ದೆಲ್ಲ ಟೈರಿನ ಪಕ್ಕದ ಗೋಡೆಯಿಂದ ಹಾಲಿನ ಹಾಗೆ ಸೋರಿ ರಸ್ತೆಗೆ ಹರಿಯಿತು.

ಆಗ ಕಬ್ಬು ತುಂಬಿದ ಎರಡು ಟ್ರಾಲಿ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂದು ನಿಂತಿತು.

"ಏನಾತ್ರಿ?"

"ಪಂಕ್ಚರ್ ಆಗೈತ್ರಿ ಕಾಕಾ."

"ಸ್ಟೆಪ್ನಿ ಹಾಕ್ರಿ ಮತ್ತ."

"ಸ್ಟೆಪ್ನಿನ ಇಲ್ರಿ."

"ಇಷ್ಟ ಹೊಸಾ ಗಾಡಿಗೆ ಸ್ಟೆಪ್ನಿ ಇಲ್ಲಾ?"

ಅವರು ಹೆಚ್ಚು ಮಾತಾಡಲಿಲ್ಲ. ಕಾರಿನೊಳಗೆ ಟಾರ್ಚ್ ಬಿಟ್ಟು ದಾದಿಯನ್ನು ನೋಡಿದವರೇ ರಸ್ತೆಯ ನಡುವೆ ನಿಂತು ಮಿರಜದ ಕಡೆ ಹೊರಟಿದ್ದ ಒಂದು ಹಾಲಿನ ಗಾಡಿಗೆ ಕೈ ಮಾಡಿದರು. ಮುಂದೆ ಇಬ್ಬರಿಗೇ ಜಾಗವಿತ್ತು. ದಾದಿ, ಅಮ್ಮಿ ಹತ್ತಿದರು. ಆಮೇಲೆ ಅವರೇ ಕಾಗವಾಡದ ಒಬ್ಬ ಪಂಕ್ಚರ್ ಅಂಗಡಿಯವರಿಗೆ ಫೋನ್ ಹಚ್ಚಿ ಜಾಗ ಹೇಳಿ ಹೋದರು. ಅರ್ಧ ಗಂಟೆಯಲ್ಲಿ ಪಂಕ್ಚರಿನವರು ಜಾಕು, ಪಾನಾ ಕಟ್ಟಿಕೊಂಡು ಬೈಕಿನಲ್ಲಿ ಬಂದರು. ಗಾಲಿಗಳಿಗೆ ಕಲ್ಲು ಕೊಟ್ಟು, ಕಾರು ಎತ್ತಿ, ಗಾಲಿ ಬಿಚ್ಚಿ, ಬೈಕಿನ ಹಿಂದೆ ಕೂತ ಹುಡುಗನ ತೊಡೆಯ ಮೇಲಿಟ್ಟುಕೊಂಡು ಅಂಗಡಿಗೆ ಒಯ್ದರು. ತಿರುಗಿ ತಂದಾಗ ಟ್ಯೂಬ್‌ಲೆಸ್ ಟೈರಿನೊಳಗೆ ಒಂದು ಟ್ಯೂಬ್ ಕೂತಿತ್ತು, ಸೀಳಿದ ಕಡೆ ಒಳಗಿನಿಂದ ದಪ್ಪ ರಬ್ಬರಿನ ಗೇಟರ್ ಇಟ್ಟಿದ್ದರು. "ಇದು ಮಿರಜ ಮುಟ್ಟಾಕಷ್ಟ. ನಾಳೆ ಹೊಸಾ ಟೈರ್ ಹಾಕಸ್ರಿ" ಎಂದರು. ನಂತರ ಟೈರಿನಲ್ಲಿ ಸಿಕ್ಕ ಮೊಳೆಯನ್ನು ಮಾಮುವಿನ ಕೈಯಲ್ಲಿಟ್ಟು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಲೈಟ್ ಹತ್ತಿದಾಗ ನಿಂತಿದ್ರ ದೀಡನೂರು ರೂಪಾಯ್ದಾಗ ಮುಗೀತಿತ್ರಿ. ಗಾಳಿ ಇಲ್ಲದ ಓಡಿಸಿ ಟೈರ್ ಕೊಂದೀರಿ."

ದಾದಿ ನಮಗಿಂತ ಎರಡೂವರೆ ಗಂಟೆ ಮೊದಲು ಮಿರಜ ಮುಟ್ಟಿದ್ದರು. ಮೂರನೆಯ ದಿನ ಮನೆಗೆ ಬಂದರು, ಅಲ್‌ಹಮ್ದುಲಿಲ್ಲಾಹ್. ಹಾಲಿನ ಗಾಡಿ ಬಾರದಿದ್ದರೆ ಏನಾಗುತ್ತಿತ್ತು ಎಂದು ನಾವು ಮನೆಯಲ್ಲಿ ಮಾತಾಡುವುದಿಲ್ಲ.

ಅದಾದ ಮೇಲೆ ಸ್ಟೆಪ್ನಿಯ ಬಗ್ಗೆ ಓದತೊಡಗಿದೆ. ಈ ಪದ ನಮ್ಮದೇ ಎಂದುಕೊಂಡಿದ್ದೆ. ಅದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲಾನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರಂತೆ. ಆ ಕಾಲದ ಮೋಟಾರುಗಳಿಗೆ ಹೆಚ್ಚುವರಿ ಗಾಲಿ ಇರುತ್ತಿರಲಿಲ್ಲ. 1904ರಲ್ಲಿ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು, ಪಂಕ್ಚರ್ ಆದ ಗಾಲಿಯ ಮೇಲೆಯೇ ಬಿಗಿಯಬಹುದಾದ ಗಾಳಿ ತುಂಬಿದ ಇನ್ನೊಂದು ಗಾಲಿಯನ್ನು ತಯಾರಿಸಿದರು. ಬೀದಿಯ ಹೆಸರೇ ಆ ಗಾಲಿಯ ಹೆಸರಾಯಿತು. ಅದೇ ಹೆಸರು ಇಂದು ಚಿಕ್ಕೋಡಿ, ರಾಯಬಾಗದ ಗ್ಯಾರೇಜುಗಳಲ್ಲೂ ಇದೆ.

ಈಗ ಆ ಗಾಲಿ ಕಾರಿನಿಂದ ಮಾಯವಾಗುತ್ತಿದೆ, ಅದೂ ಕಾನೂನಿನ ಪ್ರಕಾರವೇ. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿತು. ಟೈರು ಟ್ಯೂಬ್‌ಲೆಸ್ ಆಗಿದ್ದು, ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಮೂರೂವರೆ ಟನ್‌ವರೆಗಿನ ಪ್ರಯಾಣಿಕರ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. 2020ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಸ್ಟೆಪ್ನಿ ತೆಗೆದರೆ ಜಾಗ ಉಳಿಯುತ್ತದೆ, ತೂಕ ಕಡಿಮೆಯಾಗುತ್ತದೆ, ಕರೆಂಟಿನ ಕಾರಿನಲ್ಲಿ ದೊಡ್ಡ ಬ್ಯಾಟರಿ ಕೂರಿಸಬಹುದು. ಇವೆಲ್ಲ ಸುಳ್ಳಲ್ಲ.

ಆದರೆ ನಾನು ಕಾಮರ್ಸ್ ವಿದ್ಯಾರ್ಥಿನಿ, ಲೆಕ್ಕ ಕೇಳುತ್ತೇನೆ. ಅಕೌಂಟೆನ್ಸಿಯಲ್ಲಿ ನಾವು ಸಂಶಯಾಸ್ಪದ ಸಾಲಗಳಿಗೆ ಪ್ರಾವಿಜನ್ ಇಡುವುದನ್ನು ಕಲಿಯುತ್ತೇವೆ. ಹಣ ಬರದೇ ಹೋಗಬಹುದು ಎಂದು ಮೊದಲೇ ಒಂದು ಮೊತ್ತ ತೆಗೆದಿಡುವುದು ಜಾಣ ವ್ಯಾಪಾರಿಯ ಲಕ್ಷಣ. ಸ್ಟೆಪ್ನಿ ಎಂದರೆ ಕಾರಿನ ಪ್ರಾವಿಜನ್. ಅದನ್ನು ತೆಗೆದಾಗ ಉಳಿದ ಜಾಗ, ತೂಕ, ಖರ್ಚು ಒಬ್ಬರ ಖಾತೆಗೆ ಹೋಯಿತು. ಅಪಾಯ ಮಾತ್ರ ಎಲ್ಲೂ ಹೋಗಲಿಲ್ಲ, ರಾತ್ರಿ ರಸ್ತೆಯಲ್ಲಿ ನಿಂತವರ ಖಾತೆಗೆ ಬಂತು. ಸಂದಿಗೊಂದು ಪಂಕ್ಚರ್ ಅಂಗಡಿ ಇರುವ ದೊಡ್ಡ ಶಹರದಲ್ಲಿ ಈ ಅಪಾಯ ಸಣ್ಣದು. ಅಥಣಿ ಮತ್ತು ಕಾಗವಾಡದ ನಡುವೆ, ಕುಡಚಿ ಮತ್ತು ರಾಯಬಾಗದ ನಡುವೆ, ಕತ್ತಲಲ್ಲಿ ಅದು ಸಣ್ಣದಲ್ಲ. ಕಿಟ್ ಮುಚ್ಚುವುದು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಮಾಡಿದ ಸಣ್ಣ ತೂತನ್ನು. ತಗ್ಗಿನ ಅಂಚಿಗೆ ಬಡಿದು ಟೈರಿನ ಪಕ್ಕದ ಗೋಡೆ ಸೀಳಿದರೆ ಅದು ಏನೂ ಮಾಡಲಾರದು.

ಮಾಮು ಇದನ್ನು ಒಪ್ಪುವುದಿಲ್ಲ. "ಹತ್ತರಲ್ಲಿ ಒಂಬತ್ತು ಸಲ ಮೊಳೆಯೇ ಇರುತ್ತದೆ, ಕಿಟ್ ಸಾಕು. ತಪ್ಪು ನಂದು, ಕಾರಿನದಲ್ಲ. ಸ್ಟೆಪ್ನಿ ಇದ್ದವರು ತಮ್ಮ ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಎಂದಾದರೂ ನೋಡಿದ್ದಾರಾ?" ಎನ್ನುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ಗಾಳಿ ಇಲ್ಲದ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಸ್ಟೆಪ್ನಿ ಇಲ್ಲದ ಕಾರನ್ನೇ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಗೊತ್ತಿದ್ದು ಕೊಳ್ಳಿ ಎನ್ನುತ್ತೇನೆ. ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕು ಎಂದು ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಬರೆದು ಅಂಕ ಪಡೆಯುತ್ತೇವೆ. ಆ ಹಕ್ಕನ್ನು ಶೋರೂಮಿನಲ್ಲಿ ಬಳಸುವುದನ್ನು ಮಾತ್ರ ಮರೆಯುತ್ತೇವೆ. ಮನೆಗೆ ಕಾರು ಬರುವುದಿದ್ದರೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಸ್ಟೆಪ್ನಿ ಇಲ್ಲದಿದ್ದರೆ ಅದೇ ಅಳತೆಯ ಗಾಲಿ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ. ಏನಿಲ್ಲವೆಂದರೂ ಜಾಕು, ಪಾನಾ ಇಟ್ಟುಕೊಳ್ಳಿ.

ಪಂಕ್ಚರ್ ಆದಾಗ ಮಾಡಬೇಕಾದದ್ದು ಇಷ್ಟು. ದೀಪ ಹತ್ತಿದ ಕೂಡಲೇ ವೇಗ ಇಳಿಸಿ, ಸಮತಟ್ಟಾದ ಕಡೆ ರಸ್ತೆ ಬಿಟ್ಟು ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಚ್ಚಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಡಿ. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಮೊಳೆ ಕಂಡರೆ ಕೀಳಬೇಡಿ, ಬೆಣೆಯ ಹಾಗೆ ಅದೇ ತೂತನ್ನು ಮುಚ್ಚಿರುತ್ತದೆ. ಮೊದಲು ಬರೀ ಗಾಳಿ ತುಂಬಿ ನೋಡಿ. ನಿಂತರೆ ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. ನಿಲ್ಲದಿದ್ದರೆ ಮಾತ್ರ ಬಾಟಲಿ ಬಳಸಿ, ಕೆಲವು ಕಿಲೋಮೀಟರ್ ಹೋದ ಮೇಲೆ ಗಾಳಿ ಮತ್ತೆ ನೋಡಿ, ವೇಗ 80 ದಾಟಿಸಬೇಡಿ. ದ್ರವ ಹಾಕಿದ್ದನ್ನು ಪಂಕ್ಚರಿನವರಿಗೆ ಹೇಳಿ. ಬಾಟಲಿಗೂ ಔಷಧಿಯಂತೆ ಅವಧಿ ಇರುತ್ತದೆ, ಇವತ್ತೇ ದಿನಾಂಕ ನೋಡಿ. ಪಕ್ಕದ ಗೋಡೆ ಸೀಳಿದ್ದರೆ ಬಾಟಲಿ ವ್ಯರ್ಥ, ಗಾಲಿ ಬಿಚ್ಚಿ ಅಂಗಡಿಗೆ ಒಯ್ಯುವುದೊಂದೇ ದಾರಿ. ನಿಪ್ಪಾಣಿಯ ಮೇಲೆ ಹೋಗುವ 48ರಂಥ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ. ಹಳ್ಳಿ ರಸ್ತೆಗೆ ಆ ನಂಬರ್ ಇಲ್ಲ. ಕಾರಿನಲ್ಲಿ ರೋಗಿ ಇದ್ದರೆ ಟೈರಿನ ಚಿಂತೆ ಬಿಟ್ಟು ಮೊದಲು 108ಕ್ಕೆ ಫೋನ್ ಮಾಡಿ. ನಾವು ಆ ರಾತ್ರಿ ಗಾಬರಿಯಲ್ಲಿ ಅದನ್ನೂ ಮರೆತಿದ್ದೆವು.

ಇನ್ನೊಂದು ಮಾತಿದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

"ಪಂಕ್ಚರ್‌ವಾಲಾ" ಎನ್ನುವುದು ನಮ್ಮ ಸಮುದಾಯದ ಹುಡುಗರನ್ನು ಹೀಯಾಳಿಸುವ ಮಾತಾಗಿ ಮೊಬೈಲ್‌ನಲ್ಲಿ ಓಡಾಡುತ್ತದೆ. ಓದಿದಾಗ ನಮಗೆಲ್ಲ ಸಿಟ್ಟು ಬರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಏನು ಹೇಳುತ್ತೇವೆ? ತಮ್ಮನಿಗೆ ಅಂಕ ಕಡಿಮೆ ಬಂದಾಗ ಅಬ್ಬಾ ಅಂದದ್ದು, "ಪಢೇ ನೈ ತೋ ಪಂಕ್ಚರ್ ಕೀ ದುಕಾನ್ ಡಾಲ್ನಾ ಪಡ್ತಾ." ಅಬ್ಬಾ ಕೆಟ್ಟವರಲ್ಲ, ಮಗ ಓದಲಿ ಎಂಬ ಆಸೆ ಅವರದು. ಹೊರಗಿನವರು ಬೈಗುಳವಾಗಿ ಬಳಸಿದ್ದನ್ನು ನಾವು ಮನೆಯೊಳಗೆ ಬೆದರಿಕೆಯಾಗಿ ಬಳಸುತ್ತೇವೆ, ಅಷ್ಟೇ ವ್ಯತ್ಯಾಸ. ನಮ್ಮ ತರಗತಿಯಲ್ಲೇ ಪಂಕ್ಚರ್ ಅಂಗಡಿ ಇಟ್ಟವರ ಮಕ್ಕಳಿದ್ದಾರೆ. ಅಪ್ಪನ ಕೆಲಸ ಏನೆಂದು ಕೇಳಿದರೆ "ಬಿಸಿನೆಸ್" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ.

ಓದಬೇಕೆಂಬ ಹುಡುಗ ದುಡ್ಡಿಲ್ಲದೆ ಆ ಅಂಗಡಿಯಲ್ಲೇ ಉಳಿಯಬೇಕಾದರೆ ಅದು ಅನ್ಯಾಯ. ಅದರ ವಿರುದ್ಧ ಮಾತಾಡೋಣ. ಆದರೆ ಕೆಲಸ ಅವಮಾನವಲ್ಲ. ಆ ರಾತ್ರಿ ಡಿಗ್ರಿ ಇದ್ದ ಮಾಮು, ಫಸ್ಟ್ ಕ್ಲಾಸ್ ಪಾಸಾದ ನಾನು, ಲಕ್ಷಗಟ್ಟಲೆ ಬೆಲೆಯ ಕಾರು ಮೂವರೂ ನಿಂತಲ್ಲೇ ನಿಂತಿದ್ದೆವು. ಚಳಿಯಲ್ಲಿ ಹಾಸಿಗೆ ಬಿಟ್ಟು ಬಂದು ನಮ್ಮನ್ನು ಮುಂದಕ್ಕೆ ಕಳಿಸಿದವರು ಗ್ರೀಸ್ ಕೈಯ ಒಬ್ಬ ಮನುಷ್ಯ. ಕಾರಿನ ಕಂಪನಿ ಸ್ಟೆಪ್ನಿ ತೆಗೆದ ಮೇಲೆ ನಮ್ಮ ಸ್ಟೆಪ್ನಿ ಅವರೇ. ಅವರ ಹೆಸರು ಕೇಳುವುದನ್ನೂ ಮರೆತೆ. ಅದು ನನ್ನ ತಪ್ಪು.

ಮನೆಗೆ ಬಂದ ಮೇಲೆ ದಾದಿಗೆ ಎಲ್ಲ ಹೇಳಿದೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕು ಎಂಬ ಮಾತನ್ನು ಅವರು ನೆನಪಿಸಿದರು. "ನಿನ್ನ ಮಾಮು ಹಗ್ಗ ಇದೆಯೋ ಇಲ್ಲವೋ ಅಂತಾನೂ ನೋಡಿರಲಿಲ್ಲ" ಎಂದು ನಕ್ಕರು.

ಅದಕ್ಕೇ ನಮ್ಮ ಪ್ರಾಂಶುಪಾಲರಿಗೆ, ಉಪನ್ಯಾಸಕರಿಗೆ ನನ್ನದೊಂದು ವಿನಂತಿ. ಒಂದು ಶನಿವಾರ ತರಗತಿ ಮುಗಿದ ಮೇಲೆ ಎರಡು ಗಂಟೆ ಕೊಡಿ. ಕಾಲೇಜಿನ ಅಂಗಳದಲ್ಲಿ ಒಂದು ಕಾರು ನಿಲ್ಲಿಸಿ, ಊರಿನ ಒಬ್ಬ ಪಂಕ್ಚರ್ ಅಂಗಡಿಯವರನ್ನು ಅತಿಥಿಯಾಗಿ ಕರೆಯಿರಿ. ಬೇರೆ ಅತಿಥಿಗಳಿಗೆ ಹಾಕುವ ಶಾಲನ್ನೇ ಅವರಿಗೂ ಹಾಕಿ. ಜಾಕ್ ಎಲ್ಲಿ ಕೊಡಬೇಕು, ಗಾಲಿ ಹೇಗೆ ಬಿಚ್ಚಬೇಕು, ಮೊಳೆ ಹೊಕ್ಕ ಟೈರಿಗೆ ಸ್ಟ್ರಿಪ್ ಹೇಗೆ ಹಾಕುತ್ತಾರೆ ಎಂದು ಅವರು ಹೇಳಿಕೊಡಲಿ. ಹುಡುಗರಿಗೆ ಮಾತ್ರ ಅಲ್ಲ, ನಮಗೂ. ಆ ರಾತ್ರಿ ಟಾರ್ಚ್ ಹಿಡಿಯುವುದು ಬಿಟ್ಟು ಬೇರೇನೂ ನನಗೆ ಬರಲಿಲ್ಲ. ಮುಂದಿನ ಸಲ ಪಾನಾ ಹಿಡಿಯಲು ಬರಬೇಕು.

ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ. ಅತಿಥಿಯ ಹೆಸರನ್ನೂ ಮರೆಯದೆ ಕೇಳುತ್ತೇನೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ