ಒಡೆದ ತುಟಿಗೆ ಮದ್ದು ಕೇಳುತ್ತೇವೆ, ಇದಕ್ಕೇಕೆ ನಾಚಿಕೆ?

ಹಿಮ್ಮಡಿ ಒಡೆದರೆ ಮೆಡಿಕಲ್ ಶಾಪಿಗೆ ಹೋಗಿ ಮುಲಾಮು ಕೇಳುತ್ತೇವೆ. ತುಟಿ ಒಡೆದರೂ ಕೇಳುತ್ತೇವೆ. ಆದರೆ ಗಂಡ-ಹೆಂಡತಿ ಸೇರುವಾಗ ಒಣಗಿ ಉರಿಯುತ್ತದೆ, ನೋಯುತ್ತದೆ ಎಂಬ ಮಾತನ್ನು ಎಷ್ಟೋ ಹೆಂಗಸರು ಯಾರ ಹತ್ತಿರವೂ ಹೇಳುವುದಿಲ್ಲ. ಹಲ್ಲು ಕಚ್ಚಿ ಸಹಿಸುತ್ತಾರೆ. ಇದು ಸಹಿಸಲೇಬೇಕಾದ ನೋವಲ್ಲ ಎನ್ನುವುದು ನಮ್ಮ ಮಾತು.

ಮಗುವಿಗೆ ಎದೆಹಾಲು ಕುಡಿಸುವ ತಿಂಗಳುಗಳಲ್ಲಿ ಮತ್ತು ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾಗುತ್ತದೆ. ಆಗ ಯೋನಿಯ ಒಳಚರ್ಮ ತೆಳುವಾಗಿ ಒಣಗುತ್ತದೆ. ಹೆಂಡತಿಗೆ ಪ್ರೀತಿ ಕಮ್ಮಿಯಾಯಿತು ಎಂದು ಗಂಡ ಅನುಮಾನ ಪಡಬೇಕಿಲ್ಲ.

ಇದಕ್ಕೆ ಹಲವರು ಅಡುಗೆಮನೆಯ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಇಲ್ಲವೇ ವ್ಯಾಸಲಿನ್. ಇಲ್ಲೇ ದೊಡ್ಡ ಅಪಾಯ ಇರುವುದು. ನಿರೋಧ್ ತಯಾರಾಗುವುದು ಲ್ಯಾಟೆಕ್ಸ್ ರಬ್ಬರಿನಿಂದ. ಎಣ್ಣೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಅದರ ಬಲ ಕುಗ್ಗಿ ಹರಿಯಬಹುದು. ಮಕ್ಕಳ ನಡುವೆ ಅಂತರ ಇರಲಿ ಎಂದು ಅದನ್ನೇ ನಂಬಿದ ದಂಪತಿಗೆ ಇದು ಸಣ್ಣ ವಿಷಯವಲ್ಲ. ರೋಗ ತಡೆಯಲು ಬಳಸುವವರಿಗೂ ಅಷ್ಟೇ.

ಹಾಗಾದರೆ ಏನು ಕೊಳ್ಳಬೇಕು? ನೀರಿನಿಂದ ಮಾಡಿದ ಅಥವಾ ಸಿಲಿಕೋನಿನಿಂದ ಮಾಡಿದ ಲೂಬ್ರಿಕೆಂಟ್ ಜೆಲ್. ಎರಡೂ ನಿರೋಧ್ ಕೆಡಿಸುವುದಿಲ್ಲ. ಆದರೆ ನೀರಿನ ಜೆಲ್‌ಗಳೆಲ್ಲ ಒಂದೇ ಅಲ್ಲ. ಮಾವಿನಕಾಯಿಗೆ ಉಪ್ಪು ಹಾಕಿದಾಗ ನೀರು ಬಿಡುತ್ತದಲ್ಲ, ಹಾಗೆಯೇ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಇರುವ ಜೆಲ್ ಒಳಚರ್ಮದ ನೀರನ್ನೇ ಹೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಇದಕ್ಕೆ ಅಳತೆ ಹೇಳಿದೆ: ಆಸ್ಮೊಲಾಲಿಟಿ 1200 ಮೀರಬಾರದು, ಯೋನಿಗೆ ಬಳಸುವ ಜೆಲ್‌ನ ಪಿಎಚ್ 4.5ರ ಆಸುಪಾಸು ಇರಬೇಕು. ಟ್ಯೂಬಿನ ಮೇಲೆ ಈ ಅಂಕಿ ಇಲ್ಲದಿದ್ದರೆ, ಕನಿಷ್ಠ ಪದಾರ್ಥಗಳ ಪಟ್ಟಿ ಓದಿ. ಗ್ಲಿಸರಿನ್ ಮೊದಲ ಸಾಲಿನಲ್ಲೇ ಇದ್ದರೆ ಬೇರೆಯದನ್ನು ಕೇಳಿ.

ಚರ್ಮ ಬೇಗ ಕೆರಳುವವರಿಗೆ ಪರಿಮಳ, ಹಣ್ಣಿನ ರುಚಿ, ಬಿಸಿ ಅಥವಾ ತಂಪು ಕೊಡುವ ಜೆಲ್ ಬೇಡ. ಕ್ಲೋರ್‌ಹೆಕ್ಸಿಡಿನ್ ಇರುವುದೂ ಬೇಡ. ಲಿಗ್ನೊಕೇನ್ ಎಂದು ಬರೆದ ಜೆಲ್ಲಿ ಮರಗಟ್ಟಿಸುವ ಔಷಧ. ಅದು ನೋವನ್ನು ಮುಚ್ಚುತ್ತದೆ, ಗಾಯವಾದರೂ ಗೊತ್ತಾಗುವುದಿಲ್ಲ. ಹೊಸ ಟ್ಯೂಬ್ ತಂದಾಗ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಮಗು ಬೇಕೆಂದು ಪ್ರಯತ್ನಿಸುತ್ತಿರುವವರು ವೈದ್ಯರನ್ನು ಕೇಳಿಯೇ ಕೊಳ್ಳಲಿ. ಕೆಲವು ಜೆಲ್ ವೀರ್ಯಾಣುವಿನ ಚಲನೆಯನ್ನು ತಗ್ಗಿಸುತ್ತವೆ.

ಜೆಲ್ ಎಲ್ಲಕ್ಕೂ ಮದ್ದಲ್ಲ. ತುರಿಕೆ, ವಾಸನೆಯ ಬಿಳಿಸೆರಗು, ಸೇರಿದ ಮೇಲೆ ರಕ್ತ, ಮುಟ್ಟು ನಿಂತ ವರ್ಷಗಳ ನಂತರ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ನಾವು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ನಿರೋಧ್ ಕೊಡುವ ಪ್ರತಿ ಆರೋಗ್ಯ ಕೇಂದ್ರದಲ್ಲಿ "ಇದಕ್ಕೆ ಎಣ್ಣೆ ಹಚ್ಚಬೇಡಿ" ಎಂಬ ಒಂದು ಮಾತು ಸೇರಲಿ. ಬಾಣಂತಿಯನ್ನು ನೋಡಲು ಬರುವ ಆಶಾ ಅಕ್ಕ "ನೋವಿದೆಯಾ?" ಎಂದು ಒಮ್ಮೆ ಕೇಳಲಿ. ಅಂಗಡಿಯಲ್ಲಿ ಕೇಳಲು ಹೆಂಡತಿಗೆ ಸಂಕೋಚವಾದರೆ ಗಂಡನೇ ಹೋಗಿ ತರಲಿ. ಗೊಬ್ಬರದ ಚೀಲದ ಮೇಲಿನ ಅಂಕಿ ಓದಿ ಕೊಳ್ಳುವವರು ನಾವು, ಈ ಟ್ಯೂಬಿನ ಮೇಲಿನದ್ದನ್ನೂ ಓದಬಲ್ಲೆವು.