ಪಿ0299: ಟರ್ಬೊ ಹೋಯ್ತು ಅಂತ ಹೇಳಿದ್ಯಾರು?

ಹೇಳಿದ್ದು ನಾನೇ. ಆರನೇ ಸೆಮಿಸ್ಟರ್ ಮೆಕ್ಯಾನಿಕಲ್, ಐಸಿ ಎಂಜಿನ್ ಪೇಪರ್‌ನಲ್ಲಿ ಒಳ್ಳೇ ಮಾರ್ಕ್ಸು, ಕೈಯಲ್ಲೊಂದು ಬ್ಲೂಟೂತ್ ಓಬಿಡಿ ಡಾಂಗಲ್ಲು. ರಜೆಗೆ ಊರಿಗೆ ಹೋದವನು ಚಿಕ್ಕಪ್ಪನ ಪಿಕಪ್‌ಗೆ ಅದನ್ನು ಸಿಕ್ಕಿಸಿ, ಮೊಬೈಲ್ ನೋಡಿ, ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಟ್ಟೆ: "ಚಿಕ್ಕಪ್ಪ, ಟರ್ಬೊ ಹೋಗಿದೆ." ಆ ಒಂದು ಮಾತಿಗೆ ಚಿಕ್ಕಪ್ಪ ತೆತ್ತದ್ದು 32,000 ರೂಪಾಯಿ. ಅದರಲ್ಲಿ ಅರ್ಧ ಸಾಲ. ಗಾಡಿ ಮಾತ್ರ ಸರಿಹೋಗಲಿಲ್ಲ.

ಚಿಕ್ಕಪ್ಪನದು ಬಿಎಸ್4 ಡೀಸೆಲ್ ಪಿಕಪ್. ಸಕಲೇಶಪುರದ ಕಡೆಯಿಂದ ಶುಂಠಿ, ತರಕಾರಿ ತುಂಬಿಕೊಂಡು ಮಂಗಳೂರಿಗೆ ಇಳೀತಾರೆ. ವಾಪಸ್ ಬರುವಾಗ ಹಂಚೋ ಟೈಲ್ಸೋ ಸಿಕ್ಕಿದ್ದು ಹೇರಿಕೊಂಡು ಶಿರಾಡಿ ಘಾಟಿ ಹತ್ತುತ್ತಾರೆ. ತೊಂದರೆ ಇದ್ದದ್ದು ಹತ್ತುವಾಗಲೇ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಇದ್ದಕ್ಕಿದ್ದ ಹಾಗೆ ಎಳೆತ ಸತ್ತುಹೋಗೋದು, ಹಿಂದೆ ಕಪ್ಪು ಹೊಗೆ, ಮೀಟರಿನಲ್ಲಿ ಎಂಜಿನ್ ಲೈಟು. ಬದಿಗೆ ಹಾಕಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡೋದು. ಮಳೆಗಾಲದಲ್ಲಿ ಆ ತಿರುವುಗಳಲ್ಲಿ ಹಿಂದೆ ಟ್ಯಾಂಕರ್ ಸಾಲು ಇಟ್ಟುಕೊಂಡು ಗಾಡಿ ನಿಲ್ಲಿಸೋದು ಅಂದರೆ ಏನು ಅಂತ ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ನಾನು ಡಾಂಗಲ್ ಹಾಕೋ ಮೊದಲೇ ಚಿಕ್ಕಪ್ಪ ಹೇಳಿದ್ದರು: "ಖಾಲಿ ಗಾಡಿಗೆ ಬರಲ್ಲ ಮಗಾ. ಎಂಜಿನ್ ತಣ್ಣಗಿದ್ದಾಗಲೂ ಬರಲ್ಲ. ಲೋಡ್ ಇದ್ದು, ಚೆನ್ನಾಗಿ ಕಾದ ಮೇಲೆ, ಒಂದು ಸಲ ಪುಸ್ ಅಂತ ಸದ್ದಾಗುತ್ತೆ. ಆಮೇಲೆ ಎಳೆಯಲ್ಲ ಕಣೋ." ನಾನು ಅರ್ಧಕ್ಕೇ ತಡೆದು ಮೊಬೈಲ್ ತೋರಿಸಿದೆ. ಪಿ0299. ಟರ್ಬೊ ಅಂಡರ್‌ಬೂಸ್ಟ್.

ಗ್ಯಾರೇಜಿನಲ್ಲಿ ಟರ್ಬೊ ಬಿಚ್ಚಿದ ಮೆಕ್ಯಾನಿಕ್ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ, ಅಲುಗಾಡಿಸಿ ನೋಡಿ, "ಇದ್ರಲ್ಲಿ ಆಟ ಜಾಸ್ತಿ ಇಲ್ಲ, ಆಯಿಲ್ಲೂ ಬಿಟ್ಟಿಲ್ಲ. ಬದಲಾಯಿಸಲೇಬೇಕಾ?" ಅಂದರು. ಕೋಡ್ ಬಂದಿದೆಯಲ್ಲ ಅಂದೆ. ರೀಕಂಡೀಷನ್ ಮಾಡಿದ ಟರ್ಬೊ ಕೂತಿತು, ಹಳೇದು ಎಕ್ಸ್‌ಚೇಂಜಿಗೆ ಹೋಯಿತು. ನಾಲ್ಕನೇ ಟ್ರಿಪ್ಪಿಗೆ ಅದೇ ಘಾಟಿ, ಅದೇ ಹೊಗೆ, ಅದೇ ಕೋಡು.

ಗೆಳೆಯರೇ, ಪಿ0299 ಹೇಳೋದು ಇಷ್ಟೇ: ಇಸಿಯು ಕೇಳಿದಷ್ಟು ಒತ್ತಡ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಕೋಡ್ ಅನ್ನೋದು ಪೊಲೀಸ್ ಸ್ಟೇಷನ್ನಿಗೆ ಬಂದ ದೂರಿನ ಹಾಗೆ. ತನಿಖೆ ಇನ್ನೂ ಶುರುವಾಗಿರಲ್ಲ. ನಾನು ದೂರನ್ನೇ ತೀರ್ಪು ಅಂದುಕೊಂಡೆ.

ಒತ್ತಡ ಕಡಿಮೆಯಾಗೋಕೆ ಎಷ್ಟು ದಾರಿ ಇದೆ ನೋಡಿ. ಸೈಲೆನ್ಸರ್ ಕಡೆ ಹೋಗೋ ಬಿಸಿ ಅನಿಲ ಟರ್ಬೈನ್ ತಿರುಗಿಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಇಂಟರ್‌ಕೂಲರ್ ಮೂಲಕ ಎಂಜಿನ್‌ಗೆ ಕಳಿಸುತ್ತೆ. ಈ ದಾರಿಯಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಹೋಸ್ ಸೀಳಿರಬಹುದು, ಕ್ಲ್ಯಾಂಪ್ ಸಡಿಲ ಆಗಿರಬಹುದು. ಟರ್ಬೊದ ವೇನ್‌ಗಳನ್ನು ಅಲುಗಿಸೋದು ವ್ಯಾಕ್ಯೂಮ್ ಆದರೆ ಅದರ ತೆಳು ಪೈಪು ಬಿರುಕು ಬಿಟ್ಟಿರಬಹುದು, ಸೋಲೆನಾಯ್ಡ್ ಕಾದಾಗ ಕೈಕೊಡಬಹುದು, ಮಸಿ ಹಿಡಿದು ವೇನ್‌ಗಳೇ ಸಿಕ್ಕಿಕೊಂಡಿರಬಹುದು. ಇಜಿಆರ್ ವಾಲ್ವ್ ತೆರೆದೇ ನಿಂತಿರಬಹುದು. ಒತ್ತಡ ಸರಿಯಾಗಿಯೇ ಇದ್ದು ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿರಬಹುದು. ಪಟ್ಟಿಯಲ್ಲಿ ಟರ್ಬೊ ಒಂದು ಹೆಸರು ಅಷ್ಟೇ, ಅದೂ ಎಲ್ಲಕ್ಕಿಂತ ದುಬಾರಿ ಹೆಸರು.

ಎರಡನೇ ಸಲ ಹುಡುಕೋಕೆ ಕೂತಾಗ ಚಿಕ್ಕಪ್ಪನ ಮಾತನ್ನು ಪೇಪರ್ ಮೇಲೆ ಬರೆದುಕೊಂಡೆ. ಲೋಡ್ ಇದ್ದಾಗ ಮಾತ್ರ. ಬಿಸಿಯಾದಾಗ ಮಾತ್ರ. ಮೊದಲು ಪುಸ್, ಆಮೇಲೆ ಕಪ್ಪು ಹೊಗೆ. ಹೊಸ ಟರ್ಬೊ ಹಾಕಿದರೂ ಬದಲಾಗಲಿಲ್ಲ. ಈ ನಾಲ್ಕು ಸಾಲು ಯಾವ ಸ್ಕ್ಯಾನರ್ ಕೂಡ ಕೊಡ್ತಿರಲಿಲ್ಲ.

ಮೊದಲು ಸೆನ್ಸರ್ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಮ್ಯಾನಿಫೋಲ್ಡಿನ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಮಂಗಳೂರಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 91. ಎರಡೂ ಕಡೆ 70 ತೋರಿಸೋ ಸೆನ್ಸರ್ ಇದ್ದರೆ ಬಿಚ್ಚಬೇಕಾದ್ದು ಅದನ್ನೇ. ಒಂದು ರೂಪಾಯಿ ಖರ್ಚಿಲ್ಲದ ಟೆಸ್ಟು. ನಮ್ಮದು ಸರಿಯಾಗಿತ್ತು.

ಆಮೇಲೆ ಲೋಡ್ ಸಮೇತ ಘಾಟಿ. ಚಿಕ್ಕಪ್ಪ ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದ ಸೀಟಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಕೂತೆ. (ಓಡಿಸೋರು ಮೊಬೈಲ್ ನೋಡಬಾರದು, ಇದನ್ನ ಬೇರೆ ಹೇಳಬೇಕಾ?) ಮೂರನೇ ಗೇರು, ಪೆಡಲ್ ಪೂರ್ತಿ ಒತ್ತಿದ್ದಾರೆ, 2,200 ಆರ್‌ಪಿಎಂ. ಪುಸ್ ಅಂತು. 200 ಕಿಲೋಪ್ಯಾಸ್ಕಲ್ ಹತ್ತಿರ ಇದ್ದ ಒತ್ತಡ ಒಂದೇ ಏಟಿಗೆ 130ಕ್ಕೆ ಬಿತ್ತು. ಆದರೆ ಏರ್ ಫಿಲ್ಟರ್ ಪಕ್ಕದಲ್ಲಿ ಒಳಬರೋ ಗಾಳಿ ಅಳೆಯುವ ಸೆನ್ಸರಿನ ಲೆಕ್ಕ ಬೀಳಲೇ ಇಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ಟರ್ಬೊ ದಣಿದಿದ್ದರೆ ಅಥವಾ ವೇನ್‌ಗಳು ಮಾತು ಕೇಳದಿದ್ದರೆ, ಒಳಬರೋ ಗಾಳಿಯೂ ಕಡಿಮೆಯಾಗಬೇಕಿತ್ತು. ಫಿಲ್ಟರ್ ದಾಟಿದ ಗಾಳಿ ಎಂಜಿನ್‌ಗೆ ತಲುಪಿಲ್ಲ ಅಂದರೆ ನಡುವೆ ಎಲ್ಲೋ ಸೋರಿದೆ. ಕಪ್ಪು ಹೊಗೆಗೂ ಅದೇ ಕಾರಣ: ಅಷ್ಟು ಗಾಳಿ ಬಂದಿದೆ ಅಂತ ನಂಬಿ ಇಸಿಯು ಡೀಸೆಲ್ ಸುರಿದಿದೆ, ಸುಡೋಕೆ ಗಾಳಿಯೇ ಇಲ್ಲ. ಆಮೇಲೆ ಇಸಿಯು ಗಾಬರಿಬಿದ್ದು ಡೀಸೆಲ್ ಕಡಿತಗೊಳಿಸಿ ಲಿಂಪ್ ಮೋಡಿಗೆ ಹೋಗಿದೆ.

ಮನೆಗೆ ಬಂದು ಗಾಡಿ ಕೆಳಗೆ ನುಗ್ಗಿದೆ. ಇಂಟರ್‌ಕೂಲರ್‌ನಿಂದ ಬರೋ ಹೋಸಿನ ಕೆಳ ತಿರುವಿನಲ್ಲಿ ಒಂದಿಷ್ಟು ಜಾಗ ಆಯಿಲ್ ಮತ್ತು ಧೂಳು ಸೇರಿ ಒದ್ದೆಯಾಗಿತ್ತು. ಬಟ್ಟೆಯಲ್ಲಿ ಒರೆಸಿ ಬಗ್ಗಿಸಿದರೆ, ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಆದ ಹೆಬ್ಬೆರಳುದ್ದದ ಸೀಳು. ತಣ್ಣಗಿದ್ದಾಗ ತುಟಿ ಮುಚ್ಚಿದ ಹಾಗೆ ಕೂಡಿಕೊಂಡಿರುತ್ತೆ. ರಬ್ಬರ್ ಕಾದು ಮೆತ್ತಗಾಗಿ, ಒಳಗೆ ಒತ್ತಡ ಏರಿದಾಗ ಬಾಯಿ ಬಿಡುತ್ತೆ. ಹೊಸ ಹೋಸು, ಎರಡು ಕ್ಲ್ಯಾಂಪು, ಒಟ್ಟು 1,900 ರೂಪಾಯಿ. ಆಮೇಲೆ ಗಾಡಿ ಘಾಟಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಟರ್ಬೊ ಯಾವತ್ತೂ ಹಾಳಾಗಲ್ಲ ಅಂತ ನಾನು ಹೇಳ್ತಿಲ್ಲ. ಕೀರಲು ಸದ್ದು, ನೀಲಿ ಹೊಗೆ, ಇಳೀತಾ ಹೋಗೋ ಎಂಜಿನ್ ಆಯಿಲ್, ಕೈಗೆ ಸಿಗೋವಷ್ಟು ಶಾಫ್ಟ್ ಆಟ ಇದ್ದರೆ ಒಂದು ದಿನವೂ ಕಾಯಬಾರದು. ಟರ್ಬೊದಿಂದ ಸೋರಿದ ಆಯಿಲನ್ನೇ ಕುಡಿದು ಡೀಸೆಲ್ ಎಂಜಿನ್ ಕೀ ಆಫ್ ಮಾಡಿದರೂ ನಿಲ್ಲದೆ ಓಡಬಹುದು. ನನ್ನ ತಕರಾರು ಇಷ್ಟೇ: ಬದಲಾಯಿಸೋ ಮೊದಲು ಅಳೆಯಿರಿ, ಅಗ್ಗದ್ದನ್ನು ಮೊದಲು ನೋಡಿ.

ಇದನ್ನು ನಾವು ಎಲ್ಲಿ ಕಲೀತೀವಿ? ನಮ್ಮ ಲ್ಯಾಬಿನ ಎಂಜಿನ್ ವರ್ಷವಿಡೀ ಒಂದೇ ಥರ ಓಡುತ್ತೆ. ರೀಡಿಂಗ್ ತಗೋತೀವಿ, ಇಲ್ಲಾ ಸೀನಿಯರ್ ರೆಕಾರ್ಡಿನಿಂದ ಇಳಿಸ್ತೀವಿ, ಗ್ರಾಫ್ ಹಾಕ್ತೀವಿ, ಸಹಿ ಬೀಳುತ್ತೆ. ದೋಷ ಇರೋ ಯಂತ್ರವನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ನಮ್ಮ ಮುಂದೆ ಇಡಲ್ಲ. ಹಾಗಾಗಿ ನಮಗೆ ಬರೋದು ಉತ್ತರ ಹೇಳೋದು ಮಾತ್ರ, ಹುಡುಕೋದು ಬರಲ್ಲ.

"ಡೀಸೆಲ್ ಕಾಲ ಮುಗೀತು, ಎಲ್ಲಾ ಇವಿ ಆಗುತ್ತೆ, ಇದ್ಯಾಕೆ?" ಅಂತ ರೂಮ್‌ಮೇಟ್ ಕೇಳಿದ. ಅವನು ಕಂಪ್ಯೂಟರ್ ಸೈನ್ಸು. ರಾತ್ರಿಯೆಲ್ಲಾ ಸರಿಯಾಗಿ ಓಡಿ ಡೆಮೊ ದಿನವೇ ಕೈಕೊಟ್ಟ ಅವನ ಪ್ರಾಜೆಕ್ಟ್ ನೆನಪಿಸಿದೆ. ಬಿಟ್ಟು ಬಿಟ್ಟು ಬರೋ ದೋಷಕ್ಕೆ ಬ್ರಾಂಚ್ ಇಲ್ಲ. ಯಾವಾಗ ಬರುತ್ತೆ, ಯಾವಾಗ ಬರಲ್ಲ, ಬರೋ ಕ್ಷಣದ ಮುಂಚೆ ಏನಾಯ್ತು: ಈ ಮೂರು ಪ್ರಶ್ನೆ ಬ್ಯಾಟರಿಗೂ ಅದೇ, ಸರ್ವರಿಗೂ ಅದೇ.

ಅದಕ್ಕೇ ವಿಭಾಗದ ಮೇಷ್ಟ್ರುಗಳಲ್ಲಿ ಒಂದು ಮನವಿ. ಸೆಮಿಸ್ಟರಿಗೆ ಒಂದು ಲ್ಯಾಬ್ ದಿನ, ಎಂಜಿನ್‌ಗೆ ಗುಟ್ಟಾಗಿ ಒಂದು ದೋಷ ಹಾಕಿಡಿ. ಒಂದು ಕ್ಲ್ಯಾಂಪ್ ಸಡಿಲಿಸಿ, ಒಂದು ವ್ಯಾಕ್ಯೂಮ್ ಪೈಪಿಗೆ ಸೂಜಿ ಚುಚ್ಚಿ. ಮಾರ್ಕ್ಸು ಉತ್ತರಕ್ಕೆ ಬೇಡ, ಹುಡುಕಿದ ಕ್ರಮಕ್ಕೆ ಕೊಡಿ. ಮೇಷ್ಟ್ರು ಒಪ್ಪದಿದ್ದರೆ ಮುಂದಿನ ಟೆಕ್ ಫೆಸ್ಟಿನಲ್ಲಿ ನಾವೇ ಮಾಡೋಣ, ಪಿಕಪ್ ತರೋ ಜವಾಬ್ದಾರಿ ನಂದು.

ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. ಸೀಳಿದ ಹೋಸನ್ನು ಕೈಯಲ್ಲಿ ಹಿಡಿದು, ಬಗ್ಗಿಸಿ, ಆ ಬಾಯಿ ತೆರೆಯೋದನ್ನು ಎರಡು ಸಲ ನೋಡಿ, "ಪುಸ್ ಅನ್ನುತ್ತೆ ಅಂತ ಆವತ್ತೇ ಹೇಳಿದ್ನಲ್ಲೋ" ಅಂದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.