ರಣರಂಗದಲ್ಲಿ ರಂಜಕರ ಕಾಯಕ

ಸೇನೆಯ ಬಲವು ಆಯುಧದಲ್ಲಿ ಎಷ್ಟಿದೆಯೋ ಯೋಧನ ಅಂತಃಕರಣದಲ್ಲಿಯೂ ಅಷ್ಟೇ ಇದೆ. ಆ ಅಂತಃಕರಣವನ್ನು ಎತ್ತಿ ನಿಲ್ಲಿಸುವ ಹಾಡುಗಾರರನ್ನೂ ನಟರನ್ನೂ ವಿದೂಷಕರನ್ನೂ ಕೇವಲ ಹೊತ್ತುಗಳೆಯುವವರೆಂದು ಎಣಿಸುವುದು ಅವಿವೇಕ. ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯನ್ನು 12ನೆಯ ಶತಮಾನದ ಶರಣರು ತಮ್ಮವನೆಂದೇ ಮನ್ನಿಸಿದರು. ಸಾವಿಗೆ ಎದುರಾಗಿ ನಿಂತವನನ್ನು ನಗಿಸುವುದಾದರೋ ಆ ಕಾಯಕದ ಪರಾಕಾಷ್ಠೆಯೇ ಸರಿ. 1962ರ ಚೀನಾ ಯುದ್ಧದ ಅನಂತರ ನಟ ಸುನೀಲ ದತ್ತರು ತಮ್ಮ ಅಜಂತಾ ಆರ್ಟ್ಸ್ ತಂಡದೊಡನೆ ಗಡಿಯ ಠಾಣ್ಯಗಳಿಗೆ ಹೋಗಿ ಜವಾನರನ್ನು ರಂಜಿಸಿದುದು ಇಂಥ ಕಾಯಕವೇ.

ಆದರೆ ಯಾವ ಹಾಡು ನಿಜವಾದ ಧೈರ್ಯವನ್ನು ಕೊಡುತ್ತದೆ? ವೈರಿಯನ್ನು ಹಳಿದರೆ ವೀರರಸ ಉಕ್ಕುವುದೆಂಬುದು ಸಾಮಾನ್ಯರ ನಂಬಿಕೆ. ನಮ್ಮ ಆಲಂಕಾರಿಕರು ಹೀಗೆ ಹೇಳಿಲ್ಲ. ವೀರಕ್ಕೆ ಉತ್ಸಾಹವು ಸ್ಥಾಯಿ. ಕ್ರೋಧವು ಸ್ಥಾಯಿಯಾದರೆ ಅದು ರೌದ್ರ. ಇವೆರಡನ್ನು ಬೆರೆಸಿದವನು ರಸವನ್ನು ಕೆಡಿಸುತ್ತಾನೆ, ಯೋಧನನ್ನೂ ಕೆಡಿಸುತ್ತಾನೆ.

ಇತಿಹಾಸವೂ ಈ ಮಾತಿಗೆ ಸಾಕ್ಷಿಯಾಗಿದೆ. 1944ರಲ್ಲಿ ಬರ್ಮಾದ ರಣಭೂಮಿಗೆ ತೆರಳಿ ಸೈನಿಕರೆದುರು ಹಾಡಿದ ಆಂಗ್ಲ ಗಾಯಕಿ ವೆರಾ ಲಿನ್ ಪ್ರಖ್ಯಾತಳಾದದ್ದು ಅಗಲಿದವರ ಪುನರ್ಮಿಲನವನ್ನು ಹಾರೈಸುವ ಗೀತದಿಂದ. 1963ರ ಜನವರಿ 27ರಂದು ದಿಲ್ಲಿಯಲ್ಲಿ ಲತಾ ಮಂಗೇಶಕರರು ಹಾಡಿದ್ದು ಮಡಿದವರ ಸ್ಮರಣೆ, ವಿಜಯಘೋಷವಲ್ಲ. ನಮ್ಮ ನಾಡಿನಲ್ಲಿಯೇ 1857ರ ಹಲಗಲಿಯ ಬೇಡರು ಸೋತರು, ಊರು ಸುಟ್ಟುಹೋಯಿತು. ಆದರೂ ಆ ಸೋಲನ್ನು ಮರೆಮಾಚದೆ ಹಾಡಿದ ಲಾವಣಿಯನ್ನು ಆಂಗ್ಲ ಅಧಿಕಾರಿ ಫ್ಲೀಟನೇ ಸಂಗ್ರಹಿಸಬೇಕಾಯಿತು. ಸತ್ಯವನ್ನು ನುಡಿದುದರಿಂದಲೇ ಅದು ಉಳಿಯಿತು; ಕೇಳಿದವರ ಎದೆಯಲ್ಲಿ ಕೆಚ್ಚನ್ನು ಬಿತ್ತಿತು.

ಇಂದು ಯುದ್ಧದ ಸುದ್ದಿ ಬಂದೊಡನೆ ಮನೆಮನೆಯ ಪರದೆಯ ಮೇಲೆ ಕೇಳಿಬರುವ ಅಬ್ಬರದಲ್ಲಿ ರೌದ್ರವೇ ಹೆಚ್ಚು. ಗಡಿಯಿಂದ ದೂರ ಕುಳಿತವರಿಗೆ ಅದು ವಿನೋದ. ಮಗನನ್ನು ಸೇನೆಗೆ ಕಳುಹಿಸಿದ ತಾಯಿಗೆ ಅದರಿಂದ ಎಳ್ಳಷ್ಟೂ ಸಮಾಧಾನವಿಲ್ಲ. ಬೆಣ್ಣೆಹಳ್ಳದ ದಂಡೆಯ ಯಮನೂರಿನಲ್ಲಿ ಒಂದೇ ಗದ್ದುಗೆಗೆ ಚಾಂಗದೇವನೆಂದು ಒಬ್ಬರು, ರಾಜಾಬಾಗಸವಾರನೆಂದು ಇನ್ನೊಬ್ಬರು ತಲೆಬಾಗುತ್ತಾರೆ. ಇಂಥ ನೆಲದ ಮಕ್ಕಳಿಗೆ ದ್ವೇಷವನ್ನೇ ಶೌರ್ಯವೆಂದು ಕಲಿಸುವುದು ಸಲ್ಲದು.

ಆದಕಾರಣ ವಿದ್ಯಾಸಂಸ್ಥೆಗಳ ಹೊಣೆ ದೊಡ್ಡದು. ದಪ್ಪು, ತುಂತುಣಿ, ತಾಳಗಳ ಗೀಗೀ ಮೇಳಕ್ಕೆ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಗಳಿಗೆ ಮೀಸಲಿರಲಿ. ಹಲಗಲಿಯ ಲಾವಣಿಯನ್ನು ಮಕ್ಕಳು ಅರ್ಥವರಿತು ಹಾಡಲಿ. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಒಂದಂಶವನ್ನು ಮುಪ್ಪಾದ ಹಾಡುಗಾರರಿಗೂ ಎತ್ತಿಡಲಿ. ಕಷ್ಟಕಾಲದಲ್ಲಿ ನಾಡಿಗೆ ಧೈರ್ಯ ತುಂಬುವ ಕಂಠವನ್ನು ಶಾಂತಿಕಾಲದಲ್ಲಿಯೇ ಸಾಕಬೇಕಾಗುತ್ತದೆ.